ನಮ್ಮ ಬೆಂಚಿಗೆ ಯಾವ ಆಸಿಲೋಸ್ಕೋಪ್?

ಕೊಲ್ಲಿ ನಾಡಿನಲ್ಲಿರುವ ನಮ್ಮವರಲ್ಲಿ ಎಲೆಕ್ಟ್ರಾನಿಕ್ಸ್ ಹುಚ್ಚು ಹಿಡಿಸಿಕೊಂಡವರು ಕಡಿಮೆಯೇನಿಲ್ಲ. ಎಸಿ ಟೆಕ್ನಿಷಿಯನ್‌ಗಳಿದ್ದಾರೆ, ಲಿಫ್ಟ್ ಕೆಲಸದವರಿದ್ದಾರೆ, ಆಸ್ಪತ್ರೆಯ ಬಯೋಮೆಡಿಕಲ್ ವಿಭಾಗದವರಿದ್ದಾರೆ. ಇವರ ಜೊತೆ ಈ ವಿದ್ಯೆಗೆ ಸಂಬಂಧವೇ ಇಲ್ಲದ ಅಕೌಂಟೆಂಟು, ಡ್ರೈವರು, ನಮ್ಮಂಥ ಫಾರ್ಮಸಿಸ್ಟುಗಳೂ ಇದ್ದೇವೆ. ಡ್ಯೂಟಿ ಮುಗಿಸಿ ಬಂದು ಮಂಚದ ಪಕ್ಕದ ಸಣ್ಣ ಮೇಜಿನ ಮೇಲೆ ಸೋಲ್ಡರಿಂಗ್ ಐರನ್ ಬಿಸಿಗಿಡುವ ಈ ಬಳಗದಲ್ಲಿ ಮಲ್ಟಿಮೀಟರ್ ಕೈಗೆ ಕುದುರಿದ ಮೇಲೆ ಏಳುವ ಪ್ರಶ್ನೆ ಒಂದೇ: ಆಸಿಲೋಸ್ಕೋಪ್ ಯಾವುದು ಕೊಳ್ಳೋಣ?

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಒಬ್ಬೊಬ್ಬರೂ ಇನ್ನೂರು ಮುನ್ನೂರು ದಿರ್ಹಮ್ ಕೊಟ್ಟು ಆಟಿಕೆಯಂಥದ್ದೊಂದನ್ನು ತರಿಸಿಕೊಳ್ಳುವ ಬದಲು, ಅದೇ ಹಣವನ್ನು ನಾಲ್ಕೈದು ಮಂದಿ ಒಟ್ಟು ಹಾಕಿ ಒಂದು ಸರಿಯಾದ ಬೆಂಚ್ ಸ್ಕೋಪ್ ಕೊಳ್ಳಬೇಕು. ಕೊಳ್ಳುವಾಗ ಡಬ್ಬಿಯ ಮೇಲಿನ ಮೆಗಾಹರ್ಟ್ಸ್ ಅಂಕಿಗೆ ಮರುಳಾಗಬಾರದು. ಇದ್ದ ಹಣವನ್ನೆಲ್ಲ ಉಪಕರಣಕ್ಕೇ ಸುರಿಯದೆ ಜೀವ ಕಾಯುವ ಸಾಮಾನಿಗೂ ಒಂದಿಷ್ಟು ತೆಗೆದಿಡಬೇಕು.

ಮಲ್ಟಿಮೀಟರ್ ಇರುವಾಗ ಇದೊಂದು ಯಾಕೆ ಎಂದು ಕೇಳುವವರಿಗೆ ನಮ್ಮ ವೃತ್ತಿಯ ಉದಾಹರಣೆಯನ್ನೇ ಕೊಡುತ್ತೇವೆ. ಲಸಿಕೆ, ಇನ್ಸುಲಿನ್ ಇಡುವ ಫ್ರಿಜ್ಜು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಬೆಳಿಗ್ಗೆ ಬಂದು ಥರ್ಮಾಮೀಟರ್ ನೋಡಿದರೆ 5 ಡಿಗ್ರಿ. ಎಲ್ಲ ಸರಿ ಎಂದು ಸಹಿ ಹಾಕಬಹುದು. ಆದರೆ ರಾತ್ರಿಯಿಡೀ ಉಷ್ಣತೆಯನ್ನು ಗುರುತಿಸುವ ಲಾಗರ್‌ನ ಗೆರೆ ತೆಗೆದು ನೋಡಿದರೆ ಮೂರು ಗಂಟೆಗೆ 12ಕ್ಕೆ ಹೋಗಿ ಮತ್ತೆ ಇಳಿದದ್ದು ಕಾಣುತ್ತದೆ. ಮಲ್ಟಿಮೀಟರ್ ಎಂದರೆ ಆ ಥರ್ಮಾಮೀಟರ್, ಆಸಿಲೋಸ್ಕೋಪ್ ಎಂದರೆ ಲಾಗರ್‌ನ ಗೆರೆ. ಗಂಟೆಗಳ ಬದಲು ಸೆಕೆಂಡಿನ ಲಕ್ಷದ ಒಂದು ಪಾಲಿನಲ್ಲಿ ವೋಲ್ಟೇಜ್ ಹೇಗೆ ಏರಿತು, ಹೇಗೆ ಇಳಿಯಿತು ಎಂದು ಅದು ಬರೆದು ತೋರಿಸುತ್ತದೆ. ಐಸಿಯು ಮಾನಿಟರಿನಲ್ಲಿ ಓಡುವ ಇಸಿಜಿ ಗೆರೆಯೂ ಇದೇ ಕುಲದ್ದು.

ಈ ದೇಶದ ಸೆಕೆಯಲ್ಲಿ ಇದರ ಅಗತ್ಯ ಬಹಳ ಬೇಗ ಗೊತ್ತಾಗುತ್ತದೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಆಯುಸ್ಸು ಪ್ರತಿ 10 ಡಿಗ್ರಿ ಬಿಸಿ ಏರಿದ ಹಾಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನವರ ಹಳೆಯ ಲೆಕ್ಕ. ಟೆರೇಸಿನ ಮೇಲಿನ ಎಸಿ ಔಟ್‌ಡೋರ್ ಯೂನಿಟ್ಟಿನ ಬೋರ್ಡಿಗೆ ಜುಲೈ ತಿಂಗಳಲ್ಲಿ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಕೆಪಾಸಿಟರ್ ಒಣಗಿದ ಪವರ್ ಸಪ್ಲೈಯನ್ನು ಮೀಟರ್‌ನಲ್ಲಿ ಅಳೆದರೆ ಸರಿಯಾಗಿ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ಹೇಳುವುದು ಸರಾಸರಿ. ಸ್ಕೋಪ್ ಇಟ್ಟರೆ ಆ 12ರ ಮೇಲೆ ಗರಗಸದ ಹಲ್ಲಿನಂತೆ ಏರಿಳಿಯುವ ರಿಪ್ಪಲ್ ಕಾಣುತ್ತದೆ. ಬೋರ್ಡು ಮತ್ತೆ ಮತ್ತೆ ರೀಸೆಟ್ ಆಗುವುದಕ್ಕೆ ಕಾರಣ ಅದೇ. ಕೆಲವು ದಿರ್ಹಮ್‌ನ ಕೆಪಾಸಿಟರ್ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಇಡೀ ಬೋರ್ಡೇ ಕಸದ ಬುಟ್ಟಿ ಸೇರುವುದು ಹೀಗೆ.

ಇನ್ನು ಮೆಗಾಹರ್ಟ್ಸ್ ವಿಷಯ. ಔಷಧದ ಪಟ್ಟಿಯ ಮೇಲೆ 500 ಎಂದು ಬರೆದಿದ್ದರೆ ಒಳಗೆ 500 ಮಿಲಿಗ್ರಾಂ ಇರಲೇಬೇಕು. ಸ್ಕೋಪಿನ ಮೇಲೆ 100 ಎಂದು ಬರೆದದ್ದರ ಅರ್ಥ ಬೇರೆ. ಬ್ಯಾಂಡ್‌ವಿಡ್ತ್ 100 ಮೆಗಾಹರ್ಟ್ಸ್ ಎಂದರೆ ಆ ವೇಗದಲ್ಲಿ 1 ವೋಲ್ಟಿನ ಅಲೆ ಸುಮಾರು 0.7 ವೋಲ್ಟಾಗಿ ಕಾಣುತ್ತದೆ ಎಂದೇ ವಾಖ್ಯೆ. ಎಂದರೆ ಹೇಳಿದ ಮಿತಿಯಲ್ಲೇ ಮೂರರಲ್ಲಿ ಒಂದು ಪಾಲಿನ ಹತ್ತಿರ ಕಳೆದುಹೋಗಿರುತ್ತದೆ. ಚೌಕದ ಅಲೆ ಚೌಕವಾಗಿಯೇ ಕಾಣಬೇಕಾದರೆ ಅದರ ಐದು ಪಟ್ಟು ಬ್ಯಾಂಡ್‌ವಿಡ್ತ್ ಇರಲಿ ಎನ್ನುತ್ತಾರೆ. ಕೆಲವು ಅಗ್ಗದ ಡಬ್ಬಿಗಳಲ್ಲಿ ದೊಡ್ಡ ಅಕ್ಷರದಲ್ಲಿರುವುದು ಬ್ಯಾಂಡ್‌ವಿಡ್ತೇ ಅಲ್ಲ, ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಎಂಬ ಸ್ಯಾಂಪ್ಲಿಂಗ್ ದರ. ಎರಡೂ ಬೇರೆ ಬೇರೆ. ಸಣ್ಣ ಅಕ್ಷರ ಓದದೆ ಔಷಧ ಕೊಡಬಾರದು, ಸ್ಕೋಪನ್ನೂ ಕೊಳ್ಳಬಾರದು.

ಹಾಗೆಂದು ನಮಗೆ ಬೇಕಾದದ್ದಾದರೂ ಎಷ್ಟು? ನಮ್ಮ ಬೆಂಚಿಗೆ ಬರುವುದೇನೆಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಮೊಬೈಲ್ ಚಾರ್ಜರು, ಎಲ್‌ಇಡಿ ಡ್ರೈವರುಗಳ ಸ್ವಿಚಿಂಗ್ ಸಾಮಾನ್ಯವಾಗಿ ಕೆಲವು ಹತ್ತು ಕಿಲೋಹರ್ಟ್ಸ್‌ನಿಂದ ನೂರು ಚಿಲ್ಲರೆ ಕಿಲೋಹರ್ಟ್ಸ್. ಇನ್ವರ್ಟರ್ ಎಸಿಯ ಕಂಪ್ರೆಸರ್ ಓಡಿಸುವ ಪಲ್ಸ್‌ಗಳು ಅದಕ್ಕಿಂತಲೂ ನಿಧಾನ. ಕಾರಿನ ಕ್ಯಾನ್ ಬಸ್ ಸಾಮಾನ್ಯವಾಗಿ ಸೆಕೆಂಡಿಗೆ 500 ಕಿಲೋಬಿಟ್. ಸೆನ್ಸರ್‌ಗಳ ಐ-ಸ್ಕ್ವೇರ್ಡ್-ಸಿ 100 ಅಥವಾ 400 ಕಿಲೋಹರ್ಟ್ಸ್. ಆರ್ಡುಯಿನೋ ಯೂನೋದ ಗಡಿಯಾರವೇ 16 ಮೆಗಾಹರ್ಟ್ಸ್, ಅದೂ ಓಡುತ್ತಿದೆಯೋ ಇಲ್ಲವೋ ಎಂದು ನೋಡಿದರೆ ಸಾಕು. ಇವಕ್ಕೆಲ್ಲ 50 ಮೆಗಾಹರ್ಟ್ಸ್ ಧಾರಾಳ, 100 ಇದ್ದರೆ ಸುಖ. ವೈಫೈ, ಬ್ಲೂಟೂತ್‌ನ 2.4 ಗಿಗಾಹರ್ಟ್ಸ್ ನೋಡಬೇಕೆಂಬ ಆಸೆ ಇದ್ದರೆ 200 ಮೆಗಾಹರ್ಟ್ಸ್ ಕೊಂಡೂ ಪ್ರಯೋಜನವಿಲ್ಲ. ಆ ದಾರಿಯೇ ಬೇರೆ, ಆ ಹಣವೂ ಬೇರೆ.

ಮೆಗಾಹರ್ಟ್ಸ್‌ಗಿಂತ ಹೆಚ್ಚು ಗಮನಿಸಬೇಕಾದದ್ದು ಮೆಮೊರಿ. ಇದನ್ನು ಅಂಗಡಿಯವರು ಹೇಳುವುದೇ ಇಲ್ಲ. ಒಂದು ಬೋರ್ಡು ಇನ್ನೊಂದಕ್ಕೆ 9600 ವೇಗದಲ್ಲಿ ಸಂದೇಶ ಕಳಿಸುತ್ತಿದೆ ಎಂದುಕೊಳ್ಳಿ. ಒಂದು ಬಿಟ್‌ಗೆ 104 ಮೈಕ್ರೋಸೆಕೆಂಡ್, ಒಂದು ಅಕ್ಷರಕ್ಕೆ ಒಂದು ಮಿಲಿಸೆಕೆಂಡಿಗಿಂತ ಒಂದಿಷ್ಟು ಹೆಚ್ಚು. ಇಪ್ಪತ್ತು ಅಕ್ಷರದ ಸಂದೇಶಕ್ಕೆ 21 ಮಿಲಿಸೆಕೆಂಡ್ ಬೇಕು. ನಾವೇ ಬೆಸುಗೆ ಹಾಕಿ ಜೋಡಿಸುವ ಡಿಎಸ್‌ಒ 138 ಎಂಬ ಕಿಟ್ ಇದೆಯಲ್ಲ, ಅದು ಸೆಕೆಂಡಿಗೆ ಹತ್ತು ಲಕ್ಷ ಸಲ ಅಳೆದು 1024 ಚುಕ್ಕೆಗಳನ್ನು ನೆನಪಿಟ್ಟುಕೊಳ್ಳುತ್ತದೆ. ಭಾಗಿಸಿ ನೋಡಿ: ಒಂದು ಮಿಲಿಸೆಕೆಂಡಿಗೆ ಮೆಮೊರಿ ತುಂಬಿತು, ಇಪ್ಪತ್ತರಲ್ಲಿ ಒಂದು ಅಕ್ಷರವೂ ಪೂರ್ತಿ ಸಿಗಲಿಲ್ಲ. ಇಡೀ ಸಂದೇಶ ಹಿಡಿಯಲು ವೇಗ ಇಳಿಸಿದರೆ ಒಂದು ಬಿಟ್‌ಗೆ ಐದೇ ಚುಕ್ಕೆ, ನಡುವೆ ನುಗ್ಗಿದ ಸಣ್ಣ ತೊಂದರೆ ಕಣ್ಣಿಗೇ ಬೀಳುವುದಿಲ್ಲ. ಒಂದು ಕೋಟಿ ಇಪ್ಪತ್ತು ಲಕ್ಷ ಚುಕ್ಕೆ ಹಿಡಿಸುವ ಬೆಂಚ್ ಸ್ಕೋಪಿನಲ್ಲಿ ಇಡೀ ಸಂದೇಶವನ್ನು ಹಿಡಿದು, ನಿಲ್ಲಿಸಿ, ಬೇಕಾದ ಕಡೆ ದೊಡ್ಡದು ಮಾಡಿ ನೋಡಬಹುದು. ಕಲಿಯುವವನಿಗೆ ಇದು ಇದ್ದೂ ಇಲ್ಲದ ಹಾಗಿನ ಸೌಲಭ್ಯವಲ್ಲ. ಕಲಿಕೆ ಆಗುವುದೇ ಅಲ್ಲಿ.

ಹಾಗೆಂದು ಆ ಕಿಟ್ಟನ್ನು ಹಳಿಯುತ್ತಿಲ್ಲ. ಅದರ ಬ್ಯಾಂಡ್‌ವಿಡ್ತ್ 200 ಕಿಲೋಹರ್ಟ್ಸ್ ಮಾತ್ರ, ಆದರೆ ಊರಿನಲ್ಲಿ ಹೈಸ್ಕೂಲಿಗೆ ಹೋಗುವ ಮಗನೋ ಮಗಳೋ ಇದ್ದರೆ ರಜೆಗೆ ಹೋಗುವಾಗ ಚಾಕೊಲೇಟ್ ಡಬ್ಬಿಯ ಜೊತೆ ಒಯ್ಯಲು ಅದಕ್ಕಿಂತ ಒಳ್ಳೆಯ ಉಡುಗೊರೆ ನಮಗೆ ತೋಚುವುದಿಲ್ಲ. ಅಂಗೈ ಅಗಲದ ಬ್ಯಾಟರಿ ಸ್ಕೋಪುಗಳೂ ಗಾಡಿಯಲ್ಲಿ ಇಟ್ಟುಕೊಂಡು ಸೈಟಿಗೆ ಹೋಗುವವರಿಗೆ ಉಪಯೋಗಕ್ಕೆ ಬರುತ್ತವೆ. ನಮ್ಮ ತಕರಾರು ಇಷ್ಟೇ: ಅವನ್ನು ಬೆಂಚ್ ಸ್ಕೋಪಿನ ಬದಲಿಗೆ ಎಂದು ಕೊಳ್ಳಬೇಡಿ. ಆರು ತಿಂಗಳಲ್ಲಿ ಇನ್ನೊಂದು, ವರ್ಷದಲ್ಲಿ ಮತ್ತೊಂದು ಎಂದು ಕೊಳ್ಳುತ್ತ ಹೋದರೆ ಕೊನೆಗೆ ಕೈಬಿಟ್ಟ ಹಣ ಒಂದು ಒಳ್ಳೆಯ ಸ್ಕೋಪಿನ ಬೆಲೆಯೇ ಆಗಿರುತ್ತದೆ.

ಹಾಗಾದರೆ ಯಾವುದು? ರಿಗಾಲ್ ಕಂಪನಿಯ ಡಿಎಸ್ 1054 ಝಡ್ ಹವ್ಯಾಸಿಗಳ ಬಳಗದಲ್ಲಿ ಅಂಬಾಸಿಡರ್ ಕಾರಿನಷ್ಟು ಪರಿಚಿತ. ನಾಲ್ಕು ಚಾನೆಲ್, 50 ಮೆಗಾಹರ್ಟ್ಸ್, 7 ಇಂಚಿನ ಪರದೆ, ಮೇಲೆ ಹೇಳಿದ ಒಂದು ಕೋಟಿ ಇಪ್ಪತ್ತು ಲಕ್ಷದ ಮೆಮೊರಿ. ಸೆಕೆಂಡಿಗೆ ನೂರು ಕೋಟಿ ಸ್ಯಾಂಪಲ್ ಎಂಬುದು ಒಂದೇ ಚಾನೆಲ್ ಬಳಸಿದಾಗ, ನಾಲ್ಕನ್ನೂ ಹಾಕಿದರೆ 25 ಕೋಟಿಗೆ ಇಳಿಯುತ್ತದೆ. ಬೆಲೆ ಸುಮಾರು 350 ಡಾಲರ್, ಡಾಲರಿಗೆ 3.67ರಂತೆ 1,300 ದಿರ್ಹಮ್, ಸಾಗಣೆ ಮತ್ತು ಶೇ. 5 ವ್ಯಾಟ್ ಸೇರಿ 1,500 ಎಂದು ಇಟ್ಟುಕೊಳ್ಳಿ. ಗುಪ್ತ ಸಂಖ್ಯೆ ಹಾಕಿ ಇದನ್ನು 100 ಮೆಗಾಹರ್ಟ್ಸ್ ಮಾಡುವ ವಿದ್ಯೆ ಜಗಜ್ಜಾಹೀರು. ಅದನ್ನು ನಂಬಿಕೊಂಡು ಕೊಳ್ಳಬೇಡಿ. ಕೊಟ್ಟ 50 ಸಾಕಾದರೆ ಕೊಳ್ಳಿ, ಸಾಲದಿದ್ದರೆ ಬೇರೆ ನೋಡಿ.

ಬೇರೆ ಎಂದರೆ ಸಿಗ್ಲೆಂಟ್‌ನ ಎಸ್‌ಡಿಎಸ್ 1104 ಎಕ್ಸ್-ಇ. ನಾಲ್ಕು ಚಾನೆಲ್, 100 ಮೆಗಾಹರ್ಟ್ಸ್, 500 ಡಾಲರ್ ಆಸುಪಾಸು. ಸೀರಿಯಲ್, ಐ-ಸ್ಕ್ವೇರ್ಡ್-ಸಿ, ಕ್ಯಾನ್ ಸಂದೇಶಗಳನ್ನು ಬಿಡಿಸಿ ಓದುವ ಸೌಲಭ್ಯ ಅದರಲ್ಲಿ ಜೊತೆಗೇ ಬರುತ್ತದೆ. ಕಾರಿನ ಎಲೆಕ್ಟ್ರಿಕಲ್ ಕಡೆಗೆ ಒಲವಿದ್ದವರು ಇರುವ ಗುಂಪಿಗೆ ನಾವು ಹೇಳುವುದು ಇದನ್ನೇ. ಇನ್ನೊಂದು, 2023ರಲ್ಲಿ ಬಂದ ರಿಗಾಲ್ ಡಿಎಚ್‌ಒ 804. ಬ್ಯಾಂಡ್‌ವಿಡ್ತ್ 70 ಮೆಗಾಹರ್ಟ್ಸ್ ಮಾತ್ರ, ಆದರೆ 12 ಬಿಟ್. ಹಳೆಯ ಎಂಟು ಬಿಟ್ ಸ್ಕೋಪುಗಳು ಪರದೆಯ ಎತ್ತರವನ್ನು 256 ಮೆಟ್ಟಿಲು ಮಾಡಿ ಅಳೆದರೆ ಇದು 4096 ಮೆಟ್ಟಿಲು ಮಾಡಿ ಅಳೆಯುತ್ತದೆ. ರಿಪ್ಪಲ್, ಆಡಿಯೋ ಆಂಪ್ಲಿಫೈಯರ್, ಸೆನ್ಸರ್‌ನಂಥ ಸಣ್ಣ ಸಿಗ್ನಲ್‌ಗಳಿಗೆ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ತೂಕ ಎರಡು ಕಿಲೋಗಿಂತ ಕಡಿಮೆ, ರೂಮು ಬದಲಿಸುವವರಿಗೆ ಅದೂ ಒಂದು ಲಾಭ. ಹಣ ಇನ್ನೂ ಕಡಿಮೆ ಇದ್ದರೆ ಹಾಂಟೆಕ್‌ನ ಡಿಎಸ್‌ಒ 2ಸಿ10 ಇದೆ. ಎರಡೇ ಚಾನೆಲ್, ಆದರೆ ಮೆಮೊರಿ 80 ಲಕ್ಷ ಚುಕ್ಕೆ. ಹವ್ಯಾಸಕ್ಕೆ ಎರಡು ಚಾನೆಲ್ ಸಾಲದು ಎಂದು ನಾವು ಹೇಳುವುದಿಲ್ಲ. ಊರಿನಲ್ಲಿ ಸಿಗುವ ಹಳೆಯ ಗಾಜಿನ ಕೊಳವೆಯ ಸಿಆರ್‌ಒಗಳು ಕಲಿಯಲು ಚೆನ್ನ. ಬೆಡ್‌ಸ್ಪೇಸಿನಲ್ಲಿ ಅದನ್ನಿಟ್ಟರೆ ನಾವು ಮಲಗುವುದೆಲ್ಲಿ?

ಪ್ರೋಬಿನ ಬಗ್ಗೆ ಒಂದು ಮಾತು. ಅದರ ಮೇಲಿರುವ ಸಣ್ಣ ಸ್ವಿಚ್ಚು 1 ಎಕ್ಸ್‌ನಲ್ಲಿದ್ದರೆ ನೂರು ಮೆಗಾಹರ್ಟ್ಸ್ ಸ್ಕೋಪು ಕೂಡ ಆರೇಳು ಮೆಗಾಹರ್ಟ್ಸ್‌ಗೆ ಕುಸಿಯುತ್ತದೆ. 10 ಎಕ್ಸ್‌ನಲ್ಲೇ ಇಡಿ, ಸ್ಕೋಪಿನ ಮೆನುವಿನಲ್ಲೂ 10 ಎಂದೇ ಹೇಳಿ. ಹೊಸ ಪ್ರೋಬ್ ಸಿಕ್ಕಿಸಿದ ಕೂಡಲೇ ಸ್ಕೋಪಿನ ಮುಂಭಾಗದ 1 ಕಿಲೋಹರ್ಟ್ಸ್ ಚೌಕದ ಅಲೆಗೆ ಹಿಡಿದು, ಪ್ರೋಬಿನ ಸಣ್ಣ ಸ್ಕ್ರೂ ತಿರುಗಿಸಿ ಅಲೆಯ ಮೂಲೆ ನೇರ ಮಾಡಿಕೊಳ್ಳಬೇಕು. ನಾವು ತಕ್ಕಡಿಯನ್ನು ಸೊನ್ನೆಗೆ ತಂದುಕೊಂಡು ಪುಡಿ ತೂಗುವ ಹಾಗೆ.

ಈಗ ಈ ಬರಹ ಬರೆಯಲು ನಿಜವಾದ ಕಾರಣಕ್ಕೆ ಬರುತ್ತೇವೆ. ಬೆಂಚ್ ಸ್ಕೋಪಿನ ಪ್ರೋಬಿಗಿರುವ ಕಪ್ಪು ಕ್ಲಿಪ್ ಮಲ್ಟಿಮೀಟರಿನ ಕಪ್ಪು ವೈರಿನಂತೆ ಅಲ್ಲ. ಅದು ಸ್ಕೋಪಿನ ಒಳಗಿಂದ ಹಾದು ಗೋಡೆಯ ಸಾಕೆಟ್ಟಿನ ಅರ್ಥ್ ಪಿನ್ನಿಗೆ ನೇರ ಸೇರಿರುತ್ತದೆ. ನಾಲ್ಕು ಪ್ರೋಬುಗಳ ನಾಲ್ಕು ಕ್ಲಿಪ್‌ಗಳೂ ಒಂದೇ ತಂತಿ ಎಂದು ತಿಳಿಯಿರಿ. ಇಲ್ಲಿನ 230 ವೋಲ್ಟಿನ ಕರೆಂಟು ಬ್ರಿಡ್ಜ್ ದಾಟಿದ ಮೇಲೆ ಸುಮಾರು 325 ವೋಲ್ಟ್ ಡಿಸಿ ಆಗುತ್ತದೆ. ಆ ಬ್ರಿಡ್ಜ್‌ನ ಮೈನಸ್, ಅಂದರೆ ನಮ್ಮ ಹುಡುಗರು ಹಾಟ್ ಗ್ರೌಂಡ್ ಎನ್ನುವ ಜಾಗ, ಅರ್ಥ್‌ಗೆ ಹೋಲಿಸಿದರೆ ಸೊನ್ನೆಯಲ್ಲಿ ಇರುವುದಿಲ್ಲ. ಅಲ್ಲಿಗೆ ಕಪ್ಪು ಕ್ಲಿಪ್ ಹಾಕಿದ ಕ್ಷಣ ಶಾರ್ಟ್ ಆಗುತ್ತದೆ. ಅದೃಷ್ಟವಿದ್ದರೆ ಬ್ರೇಕರ್ ಬೀಳುತ್ತದೆ, ಇಲ್ಲದಿದ್ದರೆ ಪ್ರೋಬು, ಬೋರ್ಡು, ಸ್ಕೋಪು ಮೂರೂ ಹೋಗುತ್ತವೆ.

ಇದನ್ನು ತಪ್ಪಿಸಲು ಕೆಲವರು ಸ್ಕೋಪಿನ ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುತ್ತಾರೆ, ಅಥವಾ ಎರಡು ಪಿನ್ನಿನ ಅಡಾಪ್ಟರ್ ಹಾಕುತ್ತಾರೆ. ಶಾರ್ಟ್ ಆಗುವುದಿಲ್ಲ, ನಿಜ. ಆದರೆ ಆಗ ಸ್ಕೋಪಿನ ಹೊರಮೈಯ ಲೋಹವೆಲ್ಲ, ಪ್ರೋಬ್ ಸಿಕ್ಕಿಸುವ ಜಾಗಗಳೆಲ್ಲ, 325 ವೋಲ್ಟಿಗೆ ಸೇರಿಕೊಂಡು ಕೂತಿರುತ್ತವೆ. ಬೋರ್ಡು ಉಳಿಯಿತು, ಮುಟ್ಟಿದವನು ಹೋದ. ಬ್ಯಾಟರಿ ಸ್ಕೋಪಿಗೂ, ಪವರ್ ಬ್ಯಾಂಕಿನಲ್ಲಿ ಓಡಿಸುವ ಯುಎಸ್‌ಬಿ-ಸಿ ಸ್ಕೋಪಿಗೂ ಇದೇ ಮಾತು ಅನ್ವಯಿಸುತ್ತದೆ. ಡಿಎಚ್‌ಒ 804ರ ಹಿಂಭಾಗದಲ್ಲಿ ಅರ್ಥ್ ತಂತಿ ಕಟ್ಟಲು ಪ್ರತ್ಯೇಕ ಜಾಗ ಕೊಟ್ಟಿರುವುದು ಸುಮ್ಮನೆ ಅಲ್ಲ.

ಎಸಿ ಕೆಲಸದ ಗೆಳೆಯರಿಗೆ ವಿಶೇಷವಾಗಿ ಹೇಳಬೇಕು. ಅನೇಕ ಇನ್ವರ್ಟರ್ ಎಸಿಗಳ ಔಟ್‌ಡೋರ್ ಬೋರ್ಡಿನಲ್ಲಿ 5 ವೋಲ್ಟು, 12 ವೋಲ್ಟಿನ ಗ್ರೌಂಡ್ ಕೂಡ ಹಾಟ್ ಗ್ರೌಂಡೇ ಆಗಿರುತ್ತದೆ. ಬರೀ ಐದು ವೋಲ್ಟ್ ತಾನೇ ಎಂದು ಕೈ ಹಾಕುವುದೇ ಅಪಾಯ. ನೋಡುವ ವಿಧಾನ ಸರಳವಾಗಿದೆ. ಪವರ್ ಪೂರ್ತಿ ತೆಗೆಯಿರಿ, ದೊಡ್ಡ ಕೆಪಾಸಿಟರ್ ಖಾಲಿಯಾಗಿದೆ ಎಂದು ಮೀಟರಿನಲ್ಲಿ ಖಚಿತ ಮಾಡಿಕೊಳ್ಳಿ, ಆಮೇಲೆ 5 ವೋಲ್ಟಿನ ಗ್ರೌಂಡಿನಿಂದ ಬ್ರಿಡ್ಜ್‌ನ ಮೈನಸ್‌ಗೆ ಕಂಟಿನ್ಯುಯಿಟಿ ನೋಡಿ. ಬೀಪ್ ಬಂದರೆ ಆ ಬೋರ್ಡಿನಲ್ಲಿ ಎಲ್ಲಿಯೂ ಸಾಮಾನ್ಯ ಪ್ರೋಬ್ ಇಡುವ ಹಾಗಿಲ್ಲ. ಅಲ್ಲಿ ನೋಡಲೇಬೇಕಾದರೆ ಹೈವೋಲ್ಟೇಜ್ ಡಿಫರೆನ್ಷಿಯಲ್ ಪ್ರೋಬ್ ಬೇಕು. ಅದರ ಬೆಲೆ ಸ್ಕೋಪಿನ ಅರ್ಧದಷ್ಟಾಗಬಹುದು. ಇಲ್ಲವೇ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಬೇಕು, ಅದನ್ನು ಹಾಕಬೇಕಾದದ್ದು ಪರೀಕ್ಷೆಗೆ ಒಳಗಾಗುವ ಬೋರ್ಡಿಗೆ, ಸ್ಕೋಪಿಗೆ ಅಲ್ಲ. ಅದನ್ನು ಹಾಕಿದರೂ ಬೋರ್ಡಿನೊಳಗಿನ 325 ವೋಲ್ಟ್ ಎಲ್ಲಿಗೂ ಹೋಗಿರುವುದಿಲ್ಲ. ಹೊಸಬರಿಗೆ ನಮ್ಮ ಸಲಹೆ, ಮೊದಲ ವರ್ಷ ಬ್ಯಾಟರಿಯಲ್ಲಿ ಅಥವಾ ಮುಚ್ಚಿದ ಅಡಾಪ್ಟರಿನಲ್ಲಿ ಓಡುವ ಸರ್ಕ್ಯೂಟಿಗೆ ಮಾತ್ರ ಪ್ರೋಬ್ ಇಡಿ. ಇಲ್ಲಿ ಏನಾದರೂ ಆದರೆ ಊರಿಗೆ ಹೋಗುವ ಸುದ್ದಿ ಎಂಥದ್ದು ಎಂದು ಎಲ್ಲರಿಗೂ ಗೊತ್ತಿದೆ.

ಒಟ್ಟಾಗಿ ಕೊಳ್ಳೋಣ ಎಂದಾಗ ಎದ್ದೇಳುವ ಆಕ್ಷೇಪವೂ ಗೊತ್ತು. ಪಾಲುದಾರಿಕೆಯ ವಸ್ತು ಜಗಳಕ್ಕೆ ಮೂಲ, ನಾಳೆ ಒಬ್ಬನ ವೀಸಾ ಕ್ಯಾನ್ಸಲ್ ಆದರೆ ಏನು ಗತಿ? ಆದರೆ ನಾವು ಮೆಸ್ಸಿನ ಲೆಕ್ಕವನ್ನು ತಿಂಗಳುಗಟ್ಟಲೆ ಜಗಳವಿಲ್ಲದೆ ನಡೆಸುವ ಜನ. 1,500 ದಿರ್ಹಮ್‌ನ ಸ್ಕೋಪಿಗೆ ಐದು ಜನ 300ರಂತೆ ಹಾಕಿದರೆ, ವರ್ಷಕ್ಕೆ ಐದರಲ್ಲೊಂದು ಪಾಲು ಸವೆಯುತ್ತದೆ ಎಂದು ಮೊದಲೇ ಬರೆದುಕೊಂಡರೆ ಆಯಿತು. ಎರಡು ವರ್ಷಕ್ಕೆ ಎಕ್ಸಿಟ್ ಹೊಡೆಸಿ ಹೋಗುವವನಿಗೆ 180 ದಿರ್ಹಮ್ ಕೈಗೆ ಕೊಡಬೇಕು, ಅವನ ಜಾಗಕ್ಕೆ ಬರುವವನು ಅಷ್ಟೇ ತುಂಬಬೇಕು. ಆಸ್ಪತ್ರೆಯಲ್ಲಿ ನಿಯಂತ್ರಿತ ಔಷಧಗಳಿಗೆ ರಿಜಿಸ್ಟರ್ ಇಡುತ್ತೇವಲ್ಲ, ಹಾಗೆ ಒಂದು ಪುಸ್ತಕ ಇರಲಿ. ಯಾರು ಒಯ್ದರು, ಎಂದು ತಂದರು, ಪ್ರೋಬ್ ಎಷ್ಟು, ಸಹಿ. ಕಂಪನಿ ಕ್ಯಾಂಪಿನಲ್ಲಿ ಸೋಲ್ಡರಿಂಗ್ ಐರನ್ ಇಡಲು ಬಿಡದವರು ಫ್ಲಾಟಿನಲ್ಲಿರುವ ಗೆಳೆಯನ ಮನೆಯಲ್ಲಿ ಬೆಂಚ್ ಹಾಕಿಕೊಳ್ಳಬಹುದು. ಆ ಮನೆಯಾಕೆಯ ಒಪ್ಪಿಗೆ ಮೊದಲು ಪಡೆಯಿರಿ. ಒಂದು ಎಚ್ಚರಿಕೆ ಮಾತ್ರ, ಹಣ ಪಡೆದು ಹೊರಗಿನವರಿಗೆ ರಿಪೇರಿ ಮಾಡಿಕೊಡಲು ಹೊರಡಬೇಡಿ. ಪರ್ಮಿಟ್ ಇಲ್ಲದ ಕೆಲಸ ಇಲ್ಲಿ ಅಪರಾಧ, ಹೋಗುವುದು ಬರೀ ಸ್ಕೋಪಲ್ಲ.

ಸಂಘವೇ ಒಂದು ಕೊಂಡು ಸದಸ್ಯರಿಗೆ ಸರದಿಯ ಮೇಲೆ ಕೊಡಬಾರದೇಕೆ ಎಂಬ ಮಾತನ್ನೂ ಸಮಿತಿಯ ಮುಂದೆ ಇಡುತ್ತೇವೆ. ರಾಜ್ಯೋತ್ಸವದ ಊಟದ ಖರ್ಚಿನ ಎದುರು ಇದು ದೊಡ್ಡ ಮೊತ್ತವಲ್ಲ. ನಮ್ಮಲ್ಲಿ ಅನೇಕರು ಮುಂದೊಂದು ದಿನ ಕುಂದಾಪುರದಲ್ಲೋ ಪುತ್ತೂರಿನಲ್ಲೋ ಒಂದು ರಿಪೇರಿ ಅಂಗಡಿ ಹಾಕುವ ಲೆಕ್ಕದಲ್ಲೇ ಇರುವವರು. ಬೋರ್ಡು ಬದಲಿಸಲು ಮಾತ್ರ ಬರುವವನಿಗೂ, ಬೋರ್ಡಿನಲ್ಲಿ ಕೆಟ್ಟದ್ದು ಯಾವುದೆಂದು ತೋರಿಸಬಲ್ಲವನಿಗೂ ಆ ಅಂಗಡಿಯ ಸಂಪಾದನೆಯಲ್ಲಿ ಬಹಳ ಅಂತರವಿದೆ. ಅದನ್ನು ಕಲಿಯಲು ಇಲ್ಲಿನ ರಜಾದಿನಗಳಷ್ಟು ಬಿಡುವು ಊರಿಗೆ ಮರಳಿದ ಮೇಲೆ ಸಿಗುವುದಿಲ್ಲ.

ಕೊನೆಗೆ ಸ್ಕೋಪನ್ನು ಊರಿಗೆ ಒಯ್ಯುವವರಿಗೆ: ನಾವು ಹೇಳಿದ ರಿಗಾಲ್ ಡಿಎಸ್ 1054 ಝಡ್ ಆಗಲಿ ಸಿಗ್ಲೆಂಟ್ ಆಗಲಿ 100ರಿಂದ 240 ವೋಲ್ಟಿನವರೆಗೆ ಕೆಲಸ ಮಾಡುತ್ತವೆ, ಕರೆಂಟಿನ ತೊಂದರೆ ಇಲ್ಲ. ಕಸ್ಟಮ್ಸ್‌ನಲ್ಲಿ ಬಿಲ್ಲು ತೋರಿಸಿ, ಮುಚ್ಚಿಡಬೇಡಿ. ಪ್ಲಗ್ ಮಾತ್ರ ಬೇರೆ. ಇಲ್ಲಿನ ಚಪ್ಪಟೆ ಮೂರು ಪಿನ್ನಿನ ವೈರನ್ನು ಇಲ್ಲೇ ಬಿಟ್ಟು, ಊರಿನಲ್ಲಿ ದುಂಡು ಮೂರು ಪಿನ್ನಿನ ಕಂಪ್ಯೂಟರ್ ವೈರು ಕೊಳ್ಳಿ. ಹಳೆಯ ಮನೆಯಾದರೆ ಸಾಕೆಟ್ಟಿನ ಮೂರನೆಯ ತೂತಿನ ಹಿಂದೆ ಅರ್ಥ್ ತಂತಿ ನಿಜಕ್ಕೂ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿದ ಮೇಲೆಯೇ ಸ್ವಿಚ್ ಹಾಕಿ.